ಅಣ್ಣನ ಸ್ಕೂಟರಿಗೆ ಅಂಟಿಸಿದ ಹಾಳೆ

ಅಣ್ಣನ ಹೆಸರಿಗೆ ಬುಕ್ ಮಾಡಿದ್ದ ಸ್ಕೂಟರ್ ಬಂದಾಗ ಅವನಿಗೆ ಎಡಗಾಲು ಇರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಸ್ಕೂಟರ್ ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಅಣ್ಣ ರಾಜಾಜಿನಗರದ ಒಂದು ಕಾರ್ಖಾನೆಗೆ ಸೇರಿದ ಹೊಸದರಲ್ಲೇ ಬರೆಸಿದ್ದ. ಅಪ್ಪ ತೀರಿಕೊಂಡಿದ್ದರು, ನಾನಿನ್ನೂ ಓದುತ್ತಿದ್ದೆ. ಅಮ್ಮನೂ ನಾನೂ ಆ ವಿಷಯ ಮರೆತೇಬಿಟ್ಟೆವು. ಅವನು ಮರೆಯಲಿಲ್ಲ. ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೋಗುವಾಗ ಪಕ್ಕದಲ್ಲಿ ಯಾವುದಾದರೂ ಸ್ಕೂಟರ್ ದಾಟಿದರೆ, ಸದ್ದು ಕೇಳಿಯೇ ಅದು ಯಾವ ಗೇರಿನಲ್ಲಿದೆ ಎಂದು ಹೇಳುತ್ತಿದ್ದ.

ಕಾಲು ಹೋದದ್ದು ನನ್ನ ಬಿ.ಎಡ್. ಪರೀಕ್ಷೆಯ ಕೊನೆಯ ದಿನ. ಸಂಜೆ ಜೋರು ಮಳೆ ಬಂತು. ನನಗೆ ಬಸ್ಸು ಸಿಗಲಾರದೆಂದು ಅವನಾಗಿಯೇ ಸೈಕಲ್ ತೆಗೆದುಕೊಂಡು ನನ್ನನ್ನು ಕರೆತರಲು ಹೊರಟ. ಮಾಗಡಿ ರಸ್ತೆಯ ಟೋಲ್‌ಗೇಟ್ ಹತ್ತಿರ ಲಾರಿಯೊಂದು ಅವನಿಗೆ ಬಡಿಯಿತು. ಆದರೆ ನನಗೆ ಬಸ್ಸು ಸಿಕ್ಕಿತ್ತು. ಅವನು ರಸ್ತೆಯಲ್ಲಿ ಬಿದ್ದಿದ್ದ ಹೊತ್ತಿನಲ್ಲಿ ನಾನು ವಿಜಯನಗರದ ನಮ್ಮ ಮನೆಯ ಅಡುಗೆಮನೆಯಲ್ಲಿ ತಲೆ ಒರೆಸಿಕೊಂಡು ಬಿಸಿ ಕಾಫಿ ಕುಡಿಯುತ್ತಿದ್ದೆ. ಅವನನ್ನು ಬಾ ಎಂದು ಕರೆದಿರಲಿಲ್ಲ, ಬರುತ್ತಾನೆಂದು ಗೊತ್ತೂ ಇರಲಿಲ್ಲ. ಅಮ್ಮನಾಗಲಿ ಅವನಾಗಲಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅತ್ತು ಮುಗಿಸಿಬಿಡಬಹುದಿತ್ತು. ಅನ್ನದೇ ಇದ್ದದ್ದರಿಂದ ಆ ಕಾಫಿ ನನ್ನ ಗಂಟಲಲ್ಲೇ ಉಳಿಯಿತು.

ಕಾರ್ಖಾನೆಯವರು ಅವನನ್ನು ಸ್ಟೋರ್ಸ್‌ನಲ್ಲಿ ಕೂತು ಮಾಡುವ ಕೆಲಸಕ್ಕೆ ಹಾಕಿಕೊಂಡರು. ಊರುಗೋಲು ಹಿಡಿದು ನಡೆಯುವುದನ್ನು ಅವನು ಬೇಗ ಕಲಿತ. ಕಾರ್ಖಾನೆಯ ಬಸ್ಸಿನ ಮೆಟ್ಟಿಲು ಮಾತ್ರ ಎತ್ತರ, ಜೊತೆಯವರಿಬ್ಬರು ಕಂಕುಳಿಗೆ ಕೈಕೊಟ್ಟು ಎತ್ತಿ ಹತ್ತಿಸಬೇಕಾಗಿತ್ತು. ದಿನಾ ಬೆಳಿಗ್ಗೆ ಆ ಹೊತ್ತಿಗೆ ಅವನು ಮುಖವನ್ನು ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದ. ನಾನು ಬಾಗಿಲಿನಿಂದ ನೋಡಿ ಒಳಗೆ ಬಂದುಬಿಡುತ್ತಿದ್ದೆ.

ಅಷ್ಟರಲ್ಲಿ ನನಗೆ ಬಸವೇಶ್ವರನಗರದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಸ್ಕೂಟರಿನ ಸರದಿ ಬಂದಿದೆ ಎಂಬ ಸುದ್ದಿ ಬಂದದ್ದು ಆಗ. ಅದನ್ನು ಬೇರೆಯವರಿಗೆ ಬಿಟ್ಟುಕೊಡೋಣ ಎಂದಳು ಅಮ್ಮ. ಕೇಳಿಕೊಂಡು ಮನೆ ಬಾಗಿಲಿಗೆ ಬರುವವರೂ ಇದ್ದರು. ಅಣ್ಣ ಒಪ್ಪಲಿಲ್ಲ. ಊಟಕ್ಕೆ ಕೂತಿದ್ದಾಗ, ಉಪ್ಪಿನಕಾಯಿ ಬಡಿಸು ಅನ್ನುವಷ್ಟು ಸಲೀಸಾಗಿ ನನ್ನ ಕಡೆ ನೋಡಿ, "ನೀನು ಓಡಿಸು ಕಣೇ" ಅಂದ.

ನನಗೆ ಆಗಲ್ಲ ಅಂದೆ. ಸೀರೆ ಉಟ್ಟು ಯಾರು ಸ್ಕೂಟರ್ ಓಡಿಸುತ್ತಾರೆ ಅಂದೆ. ನಿಜವಾದ ಕಾರಣ ಬೇರೆ ಇತ್ತು, ಅದನ್ನು ಹೇಳಲಾರದೆ ಹೋದೆ. ಅವನು ಬಿಡಲಿಲ್ಲ. ಪಕ್ಕದ ಚಂದ್ರಾ ಲೇಔಟಿನಲ್ಲಿ ಆಗ ಖಾಲಿ ಸೈಟುಗಳೇ ಹೆಚ್ಚು. ನಾನು ಗಾಡಿಯನ್ನು ಅಲ್ಲಿಗೆ ತಳ್ಳಿಕೊಂಡು ಹೋಗುತ್ತಿದ್ದೆ. ಅವನು ಆಟೋದಲ್ಲಿ ಬಂದು, ಒಂದು ಕಡೆ ಊರುಗೋಲು ಊರಿ ನಿಂತು, ಕ್ಲಚ್ಚು, ಗೇರು, ಬ್ರೇಕು ಎಂದು ಕೂಗಿ ಕೂಗಿ ನನಗೆ ಕಲಿಸಿದ. ಸ್ವತಃ ಒಂದು ದಿನವೂ ಓಡಿಸದ ಗಾಡಿಯ ಒಂದೊಂದು ಕಂಪನವೂ ಅವನಿಗೆ ಗೊತ್ತಿತ್ತು. ನಾನು ಬ್ಯಾಲೆನ್ಸ್ ಹಿಡಿದು ದೂರದವರೆಗೆ ಹೋಗಿ ಬಂದ ದಿನ ಅವನ ಮುಖ ಅರಳಿತು. ನನಗೆ ಯಾವುದೋ ಮಗುವಿನ ಕೈಯಿಂದ ಆಟದ ಸಾಮಾನು ಕಿತ್ತುಕೊಂಡ ಹಾಗಾಯಿತು.

ಗಾಡಿ ತಿಳಿನೀಲಿ ಬಣ್ಣದ್ದು. ಬಣ್ಣ ಎಷ್ಟು ಹೊಸದಾಗಿತ್ತೆಂದರೆ ನಮ್ಮ ಬೀದಿಯ ದೀಪದ ಕಂಬ ಅದರಲ್ಲಿ ಬಾಗಿ ಕಾಣಿಸುತ್ತಿತ್ತು. ಅದಕ್ಕೊಂದು ಗೀರು ಬೀಳಬಾರದು ಎಂಬ ಯೋಚನೆ ನನ್ನ ತಲೆ ಹೊಕ್ಕಿತು. ಅವನ ವಸ್ತು ನನ್ನ ಹತ್ತಿರ ಇದೆ, ಹೇಗಿತ್ತೋ ಹಾಗೇ ಇರಬೇಕು, ಅಷ್ಟೆ. ಮೊದಲು ಸೀಟು ಹೊಲಿಯುವ ಅಂಗಡಿಯಲ್ಲಿ ಕೇಳಿದೆ. ಅವರು ದಪ್ಪ ಪ್ಲಾಸ್ಟಿಕ್ಕಿನ ಕವರ್ ಹೊಲಿದುಕೊಡುತ್ತೇವೆ ಅಂದರು. ಅಣ್ಣ ಅದು ಬೇಡ ಅಂದ. ಸಡಿಲ ಕವರಿನ ಒಳಗೆ ಧೂಳು ಸೇರಿ, ಗಾಳಿಗೆ ಅದು ಪಟಪಟ ಬಡಿದು, ಬಣ್ಣಕ್ಕೆ ಉಪ್ಪುಕಾಗದ ಉಜ್ಜಿದ ಹಾಗೆ ಆಗುತ್ತದೆ ಎಂದ. ಮೇಲೆ ವಾರ್ನಿಷ್ ಹೊಡೆಸೋಣವೆಂದರೆ, ಬಿಸಿಲಿಗೆ ಅದು ಬಿರುಕು ಬಿಡುತ್ತದೆಂದು ಗ್ಯಾರೇಜಿನವನೇ ಬೇಡವೆಂದ.

ಕೊನೆಗೆ ವಿಜಯನಗರದ ಮಾರ್ಕೆಟ್ ಹತ್ತಿರ ನಂಬರ್ ಪ್ಲೇಟ್ ಬರೆಯುವವರೊಬ್ಬರು ಸಿಕ್ಕರು. ಅಂಗಡಿ ಬೋರ್ಡುಗಳ ಅಕ್ಷರ ಮಾಸದಿರಲೆಂದು ಮೇಲೆ ಅಂಟಿಸುವ, ಹಿಂದೆ ಗೋಂದಿರುವ ಪಾರದರ್ಶಕ ಹಾಳೆಯ ಸುರುಳಿ ಅವರ ಹತ್ತಿರ ಇತ್ತು. ಬೋರ್ಡಿಗೆ ಹಾಕಿದ್ದೇನೆ, ಗಾಡಿಗೆ ಹಾಕಿಲ್ಲ, ಬೇಕಾದರೆ ಪ್ರಯತ್ನ ಮಾಡೋಣ ಮೇಡಂ ಅಂದರು. ಅಂಗೈ ಅಗಲದ ತುಂಡೊಂದನ್ನು ಗಾಡಿಗೆ ಅಂಟಿಸಿ ತೋರಿಸಿದರು. ಅಂಚು ಮುಟ್ಟಿ ನೋಡಿದರೆ ಮಾತ್ರ ಹಾಳೆ ಇದೆ ಎಂದು ಗೊತ್ತಾಗುತ್ತಿತ್ತು. ನಾನು ಅಲ್ಲೇ ಒಪ್ಪಿಬಿಟ್ಟೆ.

ಭಾನುವಾರ ಅವರು ಸುರುಳಿ ತಂದರು, ನಮ್ಮ ಮನೆಯ ಮುಂದೆಯೇ ಕೆಲಸ ನಡೆಯಿತು. ಗಾಡಿಯನ್ನು ತೊಳೆದು, ಒಂದು ಕಣ ಧೂಳಿಲ್ಲದ ಹಾಗೆ ಹಳೇ ಪಂಚೆಯಲ್ಲಿ ಒರೆಸಿದೆವು. ಸೋಪಿನ ನೀರು ಚಿಮುಕಿಸಿ, ಹಾಳೆಯನ್ನು ಮೆಲ್ಲಗೆ ಇಳಿಸಿ, ರಬ್ಬರಿನ ತುಂಡಿನಿಂದ ನಡುವಿನಿಂದ ಅಂಚಿನ ಕಡೆಗೆ ಎಳೆದು ನೀರು ಹೊರಹಾಕಬೇಕು. ಕಾಲಿಡುವ ಜಾಗದ ಮುಂದಿನ ಅಗಲವಾದ ತಗಡಿಗೆ ಅದು ಗಾಜಿನ ಹಾಗೆ ಕೂತಿತು. ಎಂಜಿನ್ನಿನ ಕಡೆಯ ಉಬ್ಬು ತಗಡಿಗೆ ಮಾತ್ರ ಎಷ್ಟು ಮಾಡಿದರೂ ಸುಕ್ಕು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಮ್ಮ ಮತ್ತೆ ಮತ್ತೆ ತಂದುಕೊಡುತ್ತಿದ್ದಳು, ಅದನ್ನು ಒತ್ತಿ ಹಾಳೆಯನ್ನು ಮೆತ್ತಗೆ ಮಾಡಿ ಅವರು ಎಳೆಯುತ್ತಿದ್ದರು. ಆಗಲೂ ಕೂರದ ಕಡೆ ಬ್ಲೇಡಿನಲ್ಲಿ ಸೀಳಿ ಒಂದರ ಮೇಲೊಂದು ಮಡಿಸಿದರು. ಉಳಿದ ಗುಳ್ಳೆಗಳನ್ನು ನಾನು ಹೊಲಿಗೆಯ ಸೂಜಿಯಿಂದ ಚುಚ್ಚಿ ಬೆರಳಿನಿಂದ ಅದುಮಿದೆ. ಅಣ್ಣ ಜಗಲಿಯ ಮೇಲೆ ಕೂತು ನೋಡುತ್ತಿದ್ದ. ಮೊದಮೊದಲು ಅಲ್ಲಿ ಗುಳ್ಳೆ, ಇಲ್ಲಿ ಗುಳ್ಳೆ ಎಂದು ತೋರಿಸುತ್ತಿದ್ದವನು ಬರಬರುತ್ತಾ ಸುಮ್ಮನಾದ.

ಆಮೇಲಿನ ದಿನಗಳಲ್ಲಿ ನಾನು ಗಾಡಿಯನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಶಾಲೆಯಲ್ಲಿ ನೆರಳು ಹುಡುಕಿ ನಿಲ್ಲಿಸುತ್ತಿದ್ದೆ, ಪಾಠದ ನಡುವೆ ಕಿಟಕಿಯಿಂದ ನೋಡುತ್ತಿದ್ದೆ. ಬೀದಿಯ ಹೆಂಗಸರು ಎಷ್ಟು ಚೆನ್ನಾಗಿ ಓಡಿಸ್ತೀಯ ಅಂದರೆ, ಗಾಡಿ ಅಣ್ಣನದು ಎಂದು ತಕ್ಷಣ ಹೇಳಿಬಿಡುತ್ತಿದ್ದೆ. ಸತ್ಯ ಹೇಳಬೇಕೆಂದರೆ, ಬೆಳಿಗ್ಗೆ ಆರ್‌ಪಿಸಿ ಲೇಔಟಿನ ಮರಗಳ ಕೆಳಗೆ ಸೆರಗು ಬಿಗಿದು ಹೋಗುವಾಗ ನನಗೆ ತುಂಬಾ ಸುಖವಾಗುತ್ತಿತ್ತು. ಬಾಯಲ್ಲಿ ತಾನಾಗಿಯೇ ಹಾಡು ಬರುತ್ತಿತ್ತು. ಹಾಡುತ್ತಿದ್ದೇನೆ ಎಂದು ಗೊತ್ತಾದ ಕೂಡಲೇ ನಿಲ್ಲಿಸುತ್ತಿದ್ದೆ. ಅವನ ಕಾಲು ಹೋದದ್ದರಿಂದ ನನಗೆ ಈ ಸುಖ ಬಂತಲ್ಲ ಅನ್ನಿಸಿ, ಮನೆಗೆ ಬಂದವಳೇ ಬಟ್ಟೆ ತೆಗೆದುಕೊಂಡು ಒರೆಸುತ್ತಾ ಕೂರುತ್ತಿದ್ದೆ.

ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಹಾಳೆ ಹಳದಿಯಾಯಿತು. ಮಡಿಸಿದ ಕಡೆಗಳಲ್ಲಿ ನೀರು ಒಳಗೆ ಇಳಿದು ಹಾಲು ಬಣ್ಣದ ಮಚ್ಚೆಗಳಾದವು. ಒಂದು ಸಂಜೆ ಒರೆಸುವಾಗ ಉಬ್ಬು ತಗಡಿನ ಕೆಳಗಡೆ ಹಾಳೆಯ ಅಡಿಯಲ್ಲಿ ಸಣ್ಣದೊಂದು ತುಕ್ಕಿನ ಕಲೆ ಕಾಣಿಸಿತು. ಬೆರಳಿಟ್ಟು ಉಜ್ಜಿದರೆ ಹೋಗದು, ಒಳಗಿದೆ. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಣ್ಣ ಊರುಗೋಲು ಊರಿಕೊಂಡು ಹೊರಗೆ ಬಂದ.

"ಬಣ್ಣಕ್ಕೆ ಯಾರಾದ್ರೂ ಹೀಗೆ ಅಳ್ತಾರೇನೇ?"

"ನಿನ್ನ ಗಾಡಿ ಅಣ್ಣ ಇದು. ಹೇಗಿತ್ತೋ ಹಾಗೇ ನಿನಗೆ ಕೊಡ್ಬೇಕು ಅಂತಿದ್ದೆ."

"ಯಾವಾಗ ಕೊಡ್ಬೇಕು ಅಂತಿದ್ದೆ?"

ಅಷ್ಟು ದಿನ ಕಾಪಾಡಿದವಳು ಅದನ್ನು ಒಂದು ಸಲವೂ ಯೋಚಿಸಿರಲಿಲ್ಲ. ಅವನು ಕಷ್ಟಪಟ್ಟು ಮೆಟ್ಟಿಲ ಮೇಲೆ ಕೂತ. ರಾಜಾಜಿನಗರದಲ್ಲಿ ಒಬ್ಬರನ್ನು ನೋಡಿದ್ದೇನೆ ಎಂದು ಶುರುಮಾಡಿದ. ಅವರಿಗೂ ಒಂದು ಕಾಲಿಲ್ಲ. ಸ್ಕೂಟರಿನ ಹಿಂದಿನ ಚಕ್ರದ ಎರಡೂ ಕಡೆ ಒಂದೊಂದು ಚಿಕ್ಕ ಚಕ್ರ ಕೂರಿಸಿಕೊಂಡು ಓಡಾಡುತ್ತಾರೆ. ಕ್ಲಚ್ಚು ಗೇರು ಎರಡೂ ಎಡಗೈಯಲ್ಲಿ, ಬ್ರೇಕು ಬಲಗಾಲಿನ ಹತ್ತಿರ, ಕಿಕ್ಕರೂ ಬಲಗಡೆಗೇ. ತನಗೆ ಇರುವುದು ಬಲಗಾಲೇ. ಕೆಂಗೇರಿಯಲ್ಲಿ ಆ ಚಕ್ರ ಕೂರಿಸುವ ಮೆಕ್ಯಾನಿಕ್ ಇದ್ದಾನೆ, ತಾನು ಒಂದು ಸಲ ಹೋಗಿ ವಿಚಾರಿಸಿಯೂ ಬಂದಿದ್ದೇನೆ ಎಂದ. ಆ ಚಕ್ರಗಳನ್ನು ಹಿಡಿಯುವ ಕಂಬಿಗಳನ್ನು ಕೂರಿಸಲು ಗಾಡಿಯ ತಗಡು ಕೊರೆಯಬೇಕು, ಬೆಸುಗೆ ಹಾಕಬೇಕು, ಬಣ್ಣ ಸುಡುತ್ತದೆ.

ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ.

"ನೀನು ಇದನ್ನ ಒರೆಸೋದು ನೋಡಿ ಹೇಗೆ ಕೇಳಲಿ? ನಿನಗೂ ಇರೋದು ಇದೊಂದೇ ಖುಷಿ. ಕೊಟ್ಟಿದ್ದನ್ನ ವಾಪಸ್ ಕೇಳೋದಕ್ಕೆ ನಾಚಿಕೆ ಆಯ್ತು."

ಅಂದರೆ ನಾನು ಒರೆಸುತ್ತಾ ಕೂತಿದ್ದ ಅಷ್ಟೂ ಸಂಜೆ ಅವನು ಜಗಲಿಯ ಮೇಲೆ ಕೂತು ಆ ಮಾತನ್ನು ನುಂಗಿಕೊಂಡಿದ್ದ. ಬಸ್ಸಿಗೆ ಅವನನ್ನು ಎತ್ತಿ ಹತ್ತಿಸುತ್ತಲೇ ಇದ್ದರು, ಅವನ ಗಾಡಿ ಮನೆಯ ಮುಂದೆ ಹೊಳೆಯುತ್ತಾ ನಿಂತಿತ್ತು. ಟೋಲ್‌ಗೇಟಿನ ಲಾರಿ ನನ್ನ ಕೈಯಲ್ಲಿ ಇರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೆ. ಇದು ನನ್ನ ಕೈಯಲ್ಲೇ ಇತ್ತು. ಹಾಗೆಂದು ಅವನಿಗೆ ಹೇಳಿದೆ. ಅವನು, "ಏಳು, ಮೊದಲು ಇದನ್ನ ಕೀಳೋಣ" ಅಂದ.

ಹಾಳೆ ಸುಲಭವಾಗಿ ಬರಲಿಲ್ಲ. ಬಿಸಿಲಿಗೆ ಗೋಂದು ತಗಡಿಗೆ ಕಚ್ಚಿಕೊಂಡುಬಿಟ್ಟಿತ್ತು. ಸೀಮೆಎಣ್ಣೆ ಹಚ್ಚಿ, ಉಗುರಿನಿಂದ ಎಬ್ಬಿಸಿ, ಎಲೆ ಎಲೆಯಾಗಿ ಕಿತ್ತೆವು. ಮುಂದಿನ ತಗಡಿನಲ್ಲಿ ಬಣ್ಣ ಹೊಸದರ ಹಾಗೇ ಇತ್ತು. ಎಂಜಿನ್ ಕಡೆ ಹಾಳೆಯ ಜೊತೆಗೆ ಬಣ್ಣವೂ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಅಮ್ಮ ಅಯ್ಯೋ ಅಂದಳು. ಅಣ್ಣ ಮಾತ್ರ ಕೈ ನಿಲ್ಲಿಸಲಿಲ್ಲ.

ಕೆಂಗೇರಿಗೆ ನಾನೇ ಗಾಡಿ ಓಡಿಸಿಕೊಂಡು ಹೋದೆ. ಮೊದಲ ಸಲ ಅಣ್ಣ ಹಿಂದೆ ಕೂತಿದ್ದ, ಒಂದು ಕೈಯಲ್ಲಿ ಊರುಗೋಲುಗಳನ್ನು ಅಡ್ಡ ಹಿಡಿದುಕೊಂಡು. ಮೆಕ್ಯಾನಿಕ್ ಡ್ರಿಲ್ ಇಟ್ಟಾಗ ನೀಲಿ ಪುಡಿ ನೆಲದ ಮೇಲೆ ಉದುರಿತು. ನಾನು ಹೊರಗೆ ಹೋಗಿ ನಿಲ್ಲುತ್ತೇನೆ ಅಂದೆ. ಅಣ್ಣ ಬೇಡ, ಇಲ್ಲೇ ಇರು ಅಂದ. ಬೆಸುಗೆಯ ಸುತ್ತ ಬಣ್ಣ ಕಪ್ಪಾಗಿ ಗುಳ್ಳೆಯೆದ್ದು ಸಿಪ್ಪೆ ಬಿಡುವುದನ್ನು ಪೂರ್ತಿ ನೋಡಿದೆ.

ಅವನಿಗೆ ಕಲಿಯುವುದು ಏನೂ ಇರಲಿಲ್ಲ, ಅಭ್ಯಾಸ ಆಗಬೇಕಿತ್ತು, ಅಷ್ಟೆ. ತಿರುವಿನಲ್ಲಿ ಗಾಡಿ ವಾಲದೆ ಎಳೆಯುತ್ತದೆ ಎಂದು ಬೈಯುತ್ತಾ ನಮ್ಮ ಬೀದಿಯಲ್ಲೇ ಸುತ್ತಿದ. ಲೈಸೆನ್ಸಿಗೆ ಸ್ವಲ್ಪ ಓಡಾಡಬೇಕಾಯಿತು. ಮೊದಲ ದಿನ ಕಾರ್ಖಾನೆಗೆ ಹೊರಟಾಗ ಅಮ್ಮ ಬೀದಿಯ ಕೊನೆಯವರೆಗೂ ಹಿಂದೆಯೇ ಹೋದಳು.

ನಾನು ಬಸ್ಸಿಗೆ ಮರಳಿದೆ. ನನ್ನ ಭಾರ ಇಳಿಯಿತೆಂದು ಹೇಳುವಂತಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಬಸ್ಸಿನ ಕಂಬಿ ಹಿಡಿದು ನಿಂತಾಗ ನನಗೆ ಆ ಗಾಡಿ ಬೇಕೆನಿಸುತ್ತಿತ್ತು. ಒಂದು ಕಾಲಿನ ಅಣ್ಣನ ಗಾಡಿಯ ಮೇಲೆ ಆಸೆ ಪಡುತ್ತೇನಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಅದು ಅವನಿಗೆ ಹೇಗೋ ತಿಳಿಯಿತು. ಒಂದು ರಜೆಯ ದಿನ ಬೀಗದಕೈಯನ್ನು ನನ್ನ ಮುಂದೆ ಇಟ್ಟು ಒಂದು ಸುತ್ತು ಹೋಗಿ ಬಾ ಅಂದ. ಪಕ್ಕದ ಚಕ್ರಗಳಿರುವ ಗಾಡಿ ನನ್ನ ಕೈಗೆ ಬಗ್ಗಲಿಲ್ಲ. ತಿರುವಿನಲ್ಲಿ ಅಭ್ಯಾಸಬಲದಿಂದ ಮೈ ವಾಲಿಸಿದೆ, ಗಾಡಿ ನೆಟ್ಟಗೆ ಹೋಗಿ ಮೂಲೆ ಮನೆಯ ಕಾಂಪೌಂಡಿಗೆ ತಿಕ್ಕಿತು. ಮುಂದಿನ ಮಡ್‌ಗಾರ್ಡಿನ ಉದ್ದಕ್ಕೂ ಗೀರು ಬಿತ್ತು, ಬಿಳೀ ಸುಣ್ಣ ಮೆತ್ತಿಕೊಂಡಿತು.

ತಳ್ಳಿಕೊಂಡು ಬಂದು ಅವನ ಮುಂದೆ ನಿಲ್ಲಿಸಿದೆ. ಅವನು ಬಗ್ಗಿ ಬೆರಳಿನಿಂದ ಸುಣ್ಣ ಒರೆಸಿ, ಗೀರಿನ ಉದ್ದ ನೋಡಿ, ನಕ್ಕ. "ಕೈಗೆ ಏನಾದ್ರೂ ಆಯ್ತಾ?" ಎಂದು ಕೇಳಿದ. ಇಲ್ಲ ಅಂದೆ. ಹಾಗಾದರೆ ಇನ್ನೊಂದು ಸುತ್ತು ಹೋಗು, ಈ ಸಲ ಹ್ಯಾಂಡಲ್ ತಿರುಗಿಸು, ಮೈ ವಾಲಿಸಬೇಡ ಅಂದ. ನಾನು ಮತ್ತೆ ಕಿಕ್ಕರ್ ಒದ್ದೆ.