ಡೆಲ್ಮರನ ಕಾಡುಗಸಗಸೆ ಕಳುವಾದದ್ದು

ಕೆರೆಯಲ್ಲಿ ಮೀನು ಹಿಡಿಯುತ್ತ ರಜೆ ಕಳೆದು ಬಂದ ಡೆಲ್ಮರ್ ಪ್ರೂಯಿಟ್, ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋದವನು ಅಲ್ಲೇ ನಿಂತುಬಿಟ್ಟ. ವಸಂತದಲ್ಲಿ ಓಕ್ ಮರದಡಿ ಹಳದಿ ಹೂ ಚೆಲ್ಲಿದ್ದ ಕಾಡುಗಸಗಸೆಯ ಪಾತಿಯಲ್ಲಿ ಈಗ ಒಂದೆಲೆಯೂ ಇರಲಿಲ್ಲ. ಕೆಂಟಕಿಯ ಆ ಆಗಸ್ಟಿನಲ್ಲಿ ಮಳೆಯೂ ಇರಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಗಾರ್ಡನ್ ಕ್ಲಬ್ಬಿನ ಹೂ ನೋಡುವ ನಡಿಗೆ ಆ ಪಾತಿಯಿಂದಲೇ ಹೊರಡಬೇಕೆಂದು ಅಧ್ಯಕ್ಷರು ತೀರ್ಮಾನಿಸಿದ್ದರು. ಅಧ್ಯಕ್ಷನೆಂದರೆ ಡೆಲ್ಮರನೇ.

ಮೊದಲ ಅನುಮಾನ ಬಸವನಹುಳುವಿನ ಮೇಲೆ ಬಿತ್ತು. ವಾಸನೆಗೆ ಬಂದು ಬೀಳಲೆಂದು ತಟ್ಟೆಯಲ್ಲಿ ಬಿಯರ್ ಇಟ್ಟು ಕಾದ. ಹುಳು ಬರಲಿಲ್ಲ, ಬಿಯರಿನ ಸುದ್ದಿ ಮಾತ್ರ ಪಾದ್ರಿಯ ಮನೆಗೆ ಹೋಯಿತು.

"ಹುಳಾನೂ ಅಲ್ಲ, ಗಿಳಾನೂ ಅಲ್ಲ," ಎಂದಳು ಹೆಂಡತಿ ನಡೀನ್. "ಗಿಡ ಕೊಟ್ಟೋರಿಗೆ ಥ್ಯಾಂಕ್ಸ್ ಹೇಳಬಾರದು, ಹೇಳಿದ್ರೆ ಗಿಡ ಉಳಿಯಲ್ಲ ಅಂತ ಹಾಲು ಕುಡಿಯೋ ಮಗುಗೂ ಗೊತ್ತು. ನೀನು ಕ್ಲಬ್ಬಲ್ಲಿ ಮೈಕ್ ಹಿಡ್ಕೊಂಡು ಹೇಳಿದ್ದೆ!"

ಗಿಡ ಕೊಟ್ಟವಳು ಪಕ್ಕದ ಮನೆಯ ಮುದುಕಿ ಆರ್ಲೀನ್ ಸ್ಕ್ಯಾಗ್ಸ್. ಅವಳ ನೆನಪಾದದ್ದೇ ತಡ, ಡೆಲ್ಮರ್ ಬೇಲಿಯ ಮೇಲಿಂದ ಇಣುಕಿದ. ಅವಳ ಹುರುಳಿಕಾಯಿ ಸಾಲಿನುದ್ದಕ್ಕೂ ಅದೇ ಗಸಗಸೆಯ ಎಳೆ ಗಿಡಗಳು. ಬಗ್ಗಿ ಕೆಲಸ ಮಾಡುತ್ತಿದ್ದ ಮುದುಕಿಯ ಬೆರಳುಗಳೋ, ಅರಿಸಿನ ಅರೆದಂತೆ ಹಳದಿ. ಈ ಗಸಗಸೆಯ ಗಿಡ ಮುರಿದರೆ ಒಸರುವ ಸೊನೆಯ ಬಣ್ಣ ಅದು.

"ಕೊಟ್ಟಿದ್ದನ್ನ ವಾಪಸ್ ತಗೊಂಡ್ರೋ, ಮಿಸ್ ಆರ್ಲೀನ್?"

"ನಾನೇ ಕೇಳೋಣ ಅಂತಿದ್ದೆ," ಎಂದು ಅವಳು ಸೊಂಟ ಹಿಡಿದುಕೊಂಡು ಎದ್ದಳು. "ನನ್ನ ಹುರುಳಿಕಾಯಿ ಸಾಲೊಳಗೆ ಬೀಜ ಎರಚಿದೋನು ನೀನೇ ತಾನೆ? ಕಿತ್ತೂ ಕಿತ್ತೂ ಸಾಕಾಯ್ತು."

"ನಾನ್ಯಾಕೆ ಎರಚಲಿ? ನನ್ನ ಪಾತಿನೇ ಬೋಳಾಗಿದೆ!"

"ಬೋಳಲ್ಲಪ್ಪ, ಮಲಗಿದೆ. ಒಣ ಬೇಸಿಗೇಲಿ ನೀರಿಲ್ದಿದ್ರೆ ಎಲೆ ಉದುರಿಸಿ ನಿದ್ದೆ ಹೊಡೆಯುತ್ತೆ. ನೀರು ಹಾಕದೆ ಮೀನಿಗೆ ಹೋದೋನು ನೀನು."

ಕಳ್ಳರೆಲ್ಲ ಹೀಗೆಯೇ ಮಾತಾಡುವುದು ಎಂದುಕೊಂಡ ಡೆಲ್ಮರ್. ಬೇರೂ ಉಳಿದಿಲ್ಲದ ಬರಿ ಮಣ್ಣನ್ನು ಇಡೀ ಕ್ಲಬ್ಬಿಗೆ ತೋರಿಸಿ ನ್ಯಾಯ ಕೇಳಲು ಸಲಿಕೆ ತಂದು ಪಾತಿಯನ್ನು ಒಂದೇ ಸಮನೆ ಅಗೆದ. ಸಲಿಕೆಗೆ ಏನೋ ಗಟ್ಟಿಯಾಗಿ ಸಿಕ್ಕಿತು, ಕಚಕ್ಕೆಂದಿತು. ಕೈ ಹಾಕಿ ಎತ್ತಿದರೆ ದಪ್ಪ ಬೇರು, ಎರಡು ತುಂಡು. ಪಕ್ಕದ್ದೂ ತುಂಡು, ಅದರಾಚೆಯದ್ದೂ ತುಂಡು. ಅವನ ಹತ್ತೂ ಬೆರಳಿಗೆ ಹಳದಿ ಮೆತ್ತಿಕೊಂಡಿತು.

ಬೇಲಿಯಾಚೆಯಿಂದ ಆರ್ಲೀನ್ ಎಲ್ಲವನ್ನೂ ನೋಡುತ್ತಿದ್ದಳು.

"ಕಳ್ಳ ಸಿಕ್ಕಿದ್ನಾ?"

ಡೆಲ್ಮರ್ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಬೇಲಿಯ ಬುಡದಲ್ಲಿ ಇರುವೆಗಳ ಸಾಲೊಂದು ಅವನ ಹಿತ್ತಲಿನಿಂದ ಅವಳ ಹುರುಳಿಕಾಯಿ ಸಾಲಿನತ್ತ ಸಾಗುತ್ತಿತ್ತು. ಮುದುಕಿ ಕೋಲಿನ ತುದಿಯಿಂದ ತೋರಿಸಿದಳು.

"ಈ ಬೀಜದ ಮೇಲೆ ಬಿಳೀದೊಂದು ಜಿಡ್ಡು ಇರುತ್ತೆ. ಅದರ ಆಸೆಗೆ ಇವು ಹೊತ್ಕೊಂಡು ಹೋಗೋದು. ನಾನೂ ಮರೆತು ನಿನ್ನ ಮೇಲೇ ಗುಮಾನಿ ಪಟ್ಟೆ ನೋಡು."

ಕೀಳದೆ ಉಳಿದಿದ್ದ ಗಿಡಗಳನ್ನು ಮಣ್ಣುಸಮೇತ ಎತ್ತಿ, ಒದ್ದೆ ಪತ್ರಿಕೆಯಲ್ಲಿ ಸುತ್ತಿ ಬೇಲಿಯ ಮೇಲಿಟ್ಟಳು. "ನೀರು ತಪ್ಪಿಸಬೇಡ. ಒಂದಷ್ಟಾದ್ರೂ ಏಪ್ರಿಲ್‌ಗೆ ಹೂ ಬಿಟ್ಟಾವು."

ಡೆಲ್ಮರ್ ಮೈಕ್ ಮುಂದೆ ನಿಂತವನಂತೆ ಎದೆ ಸೆಟೆಸಿದ; ಗಂಟಲು ಸರಿಮಾಡಿಕೊಂಡ; ಬಾಯಿ ತೆರೆದ. ಅಡುಗೆಮನೆಯ ಕಿಟಕಿಯಿಂದ ನಡೀನ್ ಸೌಟು ಎತ್ತಿ ತೋರಿಸಿದಳು.

"...ಈ ವರ್ಷ ಹುರುಳಿಕಾಯಿ ಚೆನ್ನಾಗಿ ಬಂದಿದೆ, ಮಿಸ್ ಆರ್ಲೀನ್," ಎಂದು ಅವನು ನೀರಿನ ಪೈಪು ಹುಡುಕಲು ಹೋದ.