ಸೀಲು ಹಾಕಿದ ಡಾಂಬರು

ನನ್ನ ಹೆಂಡತಿ ಹೇಳುವ ಪ್ರಕಾರ, ನಾನು ಮದುವೆಯ ದಿನ ಆರತಿಯ ಎಣ್ಣೆಯನ್ನೂ ಮೂಸಿ ನೋಡಿದವನು. ಅದು ಸುಳ್ಳು. ನಾನು ಮೂಸಿದ್ದು ಊಟಕ್ಕೆ ಬಡಿಸಿದ ತುಪ್ಪವನ್ನು, ಅದರಲ್ಲಿ ವನಸ್ಪತಿ ಬೆರೆತದ್ದಂತೂ ನಿಜ. ಇಪ್ಪತ್ತೆಂಟು ವರ್ಷ ಆಹಾರ ಕಲಬೆರಕೆ ಹಿಡಿಯುವ ಸರ್ಕಾರಿ ನೌಕರಿ ಮಾಡಿದೆ. ದಾಂಡೇಲಿ, ಹಳಿಯಾಳ, ಮುಂಡಗೋಡದ ಹಾಲು, ಎಣ್ಣೆ, ಖಾರದ ಪುಡಿ ಎಲ್ಲವೂ ನನ್ನ ಬಾಟಲಿಗಳೊಳಗೆ ಒಮ್ಮೆಯಾದರೂ ಇಳಿದಿವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಬೇರೆಯವರಿಗೆ ಗಾದೆಯಾದರೆ ನನಗೆ ಅದೇ ಹೊಟ್ಟೆಪಾಡಾಗಿತ್ತು.

ನಿವೃತ್ತನಾದ ಮೇಲೆ ಹಳಿಯಾಳದಲ್ಲೇ ಉಳಿದೆವು. ಮನೆಯ ಮುಂದಿನ ಎರಡು ಕೋಣೆಗಳನ್ನು ಒಬ್ಬ ಹಲ್ಲಿನ ಡಾಕ್ಟರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಗೇಟಿನಿಂದ ಪೋರ್ಚಿನವರೆಗೂ, ಪಕ್ಕದಲ್ಲಿ ಏಳೆಂಟು ಗಾಡಿ ನಿಲ್ಲುವಷ್ಟು ಜಾಗಕ್ಕೂ ಮನೆ ಕಟ್ಟಿಸುವಾಗಲೇ ಡಾಂಬರು ಹಾಕಿಸಿದ್ದೆ. ಇಷ್ಟು ವರ್ಷದ ಬಿಸಿಲಿಗೆ ಅದು ಬೂದಿ ಬಣ್ಣಕ್ಕೆ ತಿರುಗಿ, ಬಿರಿದು, ಒಳಗಿನ ಜಲ್ಲಿಕಲ್ಲಿನ ಖಡಿ ಕಿತ್ತು ಮೇಲೆ ಬಂದಿತ್ತು. ಹಲ್ಲುನೋವೆಂದು ಬಂದವರು ಸ್ಕೂಟರ್ ಜಾರಿಸಿಕೊಂಡು, ಮೊಣಕಾಲು ತರಚಿಕೊಂಡು ಹೋಗುತ್ತಿದ್ದರು. ಮಳೆಗಾಲದೊಳಗೆ ಮೇಲೊಂದು ಹೊಸ ಪದರ ಹಾಕಿಸಿ ಎಂದು ಡಾಕ್ಟರು ಎರಡು ಸಲ ಹೇಳಿದರು, ಹೆಂಡತಿ ಇಪ್ಪತ್ತು ಸಲ ಹೇಳಿದಳು.

ದಾಂಡೇಲಿಯಿಂದ ಒಬ್ಬ ಮಿಸ್ತ್ರಿ ಬಂದ. ಐವತ್ತು ದಾಟಿದ ಮುಸ್ಲಿಂ ಗೃಹಸ್ಥ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಕಪ್ಪು, ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಮೊದಲೇ ಅನುಮಾನ. ಆತ ಕೋಲು ಹಿಡಿದು ನೆಲವನ್ನೆಲ್ಲ ಕುಟ್ಟಿ ನೋಡಿ, ಯಾವುದು ಟೊಳ್ಳು, ಯಾವುದು ಗಟ್ಟಿ ಎಂದು ಸುಣ್ಣದಲ್ಲಿ ಗುರುತು ಹಾಕಿದ. ಆಮೇಲೆ ನಾನು ಕೇಳದೆಯೇ ಒಂದು ಮಾತು ಹೇಳಿದ.

"ಸಾಹೇಬ್ರ, ಮುಂಡಗೋಡದಾಗ ಮದುವಿ ಹಾಲ್‌ನವರು ಅವರ ಪಾರ್ಕಿಂಗಿನ ಕೆಲಸ ಕೊಡ್ತೇವಿ ಅಂದಾರ. ದೊಡ್ಡ ಕೆಲಸ ಐತ್ರಿ. ಆದ್ರ ಅಲ್ಲಿ ನೋಡಿಕೊಳ್ಳೋರು ನಿಮ್ಮ ಗುರುತಿನವರಂತ. ಹಳಿಯಾಳದ ಸಾಹೇಬ್ರು ಹೂಂ ಅಂದ್ರ ನಿನಗ ಕೊಡ್ತೇನಿ ಅಂದ್ರು. ಅದು ಸಿಕ್ಕರ ಮಳಿ ಹಿಡಿಯೂತನಾ ನಮ್ಮ ಮಂದಿಗೆ ಕೂಲಿ ಆಗ್ತೈತಿ. ಇಲ್ಲಂದ್ರ ಅವರೆಲ್ಲಾ ಗೋವಾಕ್ಕ ಹೋಗಬೇಕು."

ಅವನು ಹೇಳಿದ್ದು ನಿಜವೇ. ಆ ಮದುವೆ ಹಾಲಿನ ಉಸ್ತುವಾರಿ ಹೊತ್ತವನು ನನ್ನ ಕೈಕೆಳಗೆ ಗುಮಾಸ್ತನಾಗಿದ್ದವನು. ನನ್ನ ಮಾತೆಂದರೆ ಅವನಿಗೆ ಇಂದಿಗೂ ಪ್ರಯೋಗಾಲಯದ ವರದಿ ಇದ್ದಂತೆ. ನನಗೆ ಒಳಗೊಳಗೇ ಹಿಗ್ಗಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಮರುಗಳಿಗೆಯೇ, ಈತ ನನ್ನನ್ನು ಮೊದಲೇ ಉಬ್ಬಿಸಿ ಇಡುತ್ತಿದ್ದಾನೆಯೇ ಎಂದೂ ಅನ್ನಿಸಿತು.

ಮೊದಲ ಎರಡು ದಿನ ಅವರು ಬರೀ ಗುಡಿಸಿದರು. ಮಿಸ್ತ್ರಿಯ ಜೊತೆ ಇದ್ದವರು ನಮ್ಮ ತಾಲ್ಲೂಕಿನದೇ ಒಂದು ಹಳ್ಳಿಯ ಸಿದ್ದಿ ಜನಾಂಗದ ಗಂಡ ಹೆಂಡತಿ. ಆಕೆ ಕಸಬರಿಗೆ ಹಿಡಿದರೆ, ಆತ ತಂತಿಯ ಬ್ರಷ್ಷಿನಿಂದ ಬಿರುಕುಗಳನ್ನು ಉಜ್ಜುವನು. ಟೊಳ್ಳಿದ್ದ ಕಡೆ ಅಗೆದು ಚೌಕಾಗಿ ಕತ್ತರಿಸಿದರು. ನಾನು ಪೋರ್ಚಿನ ಅಂಚಿಗೆ, ಬಿಸಿಲಿನಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ.

"ಬೇಕಂತ ದಿನಾ ಎಳೀಲಿಕ್ಹತ್ಯಾರ" ಎಂದೆ ಹೆಂಡತಿಗೆ.

"ಗುತ್ತಿಗಿ ಕೊಟ್ಟೀವಿ. ದಿನಾ ಎಳದ್ರ ಲುಕ್ಸಾನು ಅವರಿಗೆ, ನಿಮಗೇನು?" ಎಂದಳು.

ನಾನು ಬೇರೆ ತಪ್ಪು ಹುಡುಕಿದೆ. ಗಂಡ ಹೆಂಡತಿ ನನ್ನ ಕಡೆ ನೋಡುತ್ತ ತಮ್ಮೊಳಗೆ ಕೊಂಕಣಿಯಲ್ಲಿ ಏನೋ ಮಾತಾಡಿ ನಕ್ಕರು. ನನಗೆ ಕೊಂಕಣಿ ಬಾರದು, ಜೋಯಿಡಾ ಕಡೆಯವಳಾದ ನನ್ನ ಹೆಂಡತಿಗೆ ಬರುತ್ತದೆ. ಏನಂದರು ಎಂದು ಕೇಳಿದೆ.

"ಮುದುಕಪ್ಪ ಬಿಸಲಾಗ ಕುಂತು ತಲಿ ಕಾಸ್ಕೊಂಡಾನ, ನಮ್ಮ ಟವೆಲ್ಲರೆ ಕೊಡೂಣೇನು ಅಂದ್ರು."

ಅವಳು ಅವರಿಗೆ ದಿನಕ್ಕೆ ಎರಡು ಸಲ ಮಜ್ಜಿಗೆ ಕೊಡುತ್ತಿದ್ದಳು. ಮಜ್ಜಿಗೆ ಕೊಟ್ಟವರ ಸಾಕ್ಷಿಯನ್ನು ನಾನು ಪೂರ್ತಿ ನಂಬುವುದಿಲ್ಲ.

ಮೂರನೆಯ ದಿನ ಹಳೆಯ ನೆಲಕ್ಕೂ ಹೊಸ ಪದರಕ್ಕೂ ಅಂಟು ಹಿಡಿಯಲೆಂದು ಹಚ್ಚುವ ತೆಳು ಡಾಂಬರಿನ ಸರದಿ. ಬೆಳಗ್ಗೆ ಎಂಟಕ್ಕೇ ಬಂದವರು ಬೇವಿನ ಗಿಡದ ಕೆಳಗೆ ಸುಮ್ಮನೆ ಕುಳಿತರು. ಹನ್ನೊಂದಾದರೂ ಏಳಲಿಲ್ಲ. ಕೇಳಿದರೆ, "ನೆಲ ಕಾಯಬೇಕ್ರಿ, ಒಳಗಿನ ತಂಪು ಹೋಗಬೇಕು" ಎಂದ ಮಿಸ್ತ್ರಿ. ಏಪ್ರಿಲ್ ತಿಂಗಳ ಹಳಿಯಾಳದಲ್ಲಿ ತಂಪು ಎಲ್ಲಿದೆ ಎಂದು ನನಗೆ ಸಿಟ್ಟು ಬಂತು. ಕಡೆಗೆ ಎದ್ದು ಬಂದು, ಹೆಸರೂ ಇಲ್ಲದ ಚೀಟಿಯೂ ಇಲ್ಲದ ಒಂದು ಡ್ರಮ್ಮಿನ ಬಾಯಿ ಬಿಚ್ಚಿ, ಕೋಲಿನಿಂದ ಕಲಕಿ, ನೀರು ಹಾಕುವ ಝಾರಿಗೆ ಸುರಿದುಕೊಂಡ.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಡಾಂಬರೆಂದರೆ ಕಪ್ಪು. ಹಸುಗೂಸಿಗೂ ಅದು ಗೊತ್ತು. ಝಾರಿಯಿಂದ ಬೀಳುತ್ತಿದ್ದದ್ದು ಹಾಲು ಹೆಚ್ಚಾದ ಚಹಾದ ಬಣ್ಣದ್ದು, ತೆಳ್ಳಗೆ ನೀರಿನಂತೆ ಹರಿಯುತ್ತಿತ್ತು. ಕೆಂಪು ಮಣ್ಣು ಕದಡಿದ ರಾಡಿ, ಬೇರೇನೂ ಅಲ್ಲ.

"ಏನಿದು?" ಎಂದೆ.

"ಡಾಂಬರ್ ರೀ."

"ಇದರಾಗ ನೀರು ಐತಿ."

"ಹೌದ್ರಿ, ನೀರು ಇರ್ತೈತಿ. ಸ್ವಲ್ಪ ತಡೀರಿ ಸಾಹೇಬ್ರ, ಕರ್ರಗಾಗ್ತೈತಿ."

ಇಪ್ಪತ್ತೆಂಟು ವರ್ಷದಲ್ಲಿ 'ಸ್ವಲ್ಪ ತಡೀರಿ' ಎನ್ನದ ಒಬ್ಬ ಕಳ್ಳನನ್ನೂ ನಾನು ನೋಡಿಲ್ಲ. ಹಾಲಿಗೆ ನೀರು ಬೆರೆಸಿದವರೂ ಸ್ವಲ್ಪ ತಡೀರಿ, ಕೆನೆ ಬರುತ್ತದೆ ಎಂದೇ ಹೇಳುತ್ತಿದ್ದರು. ಇವನು ನೀರು ಇದೆ ಎಂದು ತಾನೇ ಬಾಯಿಬಿಟ್ಟಿದ್ದಾನೆ. ನನ್ನ ರಕ್ತ ಹಳೆಯ ಹಾದಿಯಲ್ಲಿ ಓಡತೊಡಗಿತು. ಒಳಗೆ ಹೋಗಿ ಅಟ್ಟದ ಮೇಲಿನ ಪೆಟ್ಟಿಗೆಯಿಂದ ಅಗಲ ಬಾಯಿಯ ಗಾಜಿನ ಬಾಟಲಿ, ದಾರ, ಅರಗು ತಂದೆ. ಡ್ರಮ್ಮಿನಿಂದ ಒಂದು ಸೌಟು ತೆಗೆದು ಬಾಟಲಿ ತುಂಬಿಸಿ, ಬಿರಡೆ ಬಿಗಿದು, ಕಾಗದ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಅರಗು ಸುರಿದು ಸೀಲು ಹಾಕಿದೆ. ನಿಯಮದ ಪ್ರಕಾರ ಮಾಲು ಕೊಟ್ಟವನು ಕಾಗದದ ಮೇಲೆ ಸಹಿ ಮಾಡಬೇಕು. ಮಿಸ್ತ್ರಿಯ ಮುಂದೆ ಪೆನ್ನು ಹಿಡಿದೆ.

ಆತ ಕೈಯನ್ನು ಲುಂಗಿಗೆ ಒರೆಸಿಕೊಂಡು, ದುಂಡನೆಯ ಕನ್ನಡ ಅಕ್ಷರದಲ್ಲಿ ಸಹಿ ಮಾಡಿದ. ಯಾಕೆ ಎಂದು ಕೇಳಲಿಲ್ಲ. ಸಿದ್ದಿ ದಂಪತಿ ಕೆಲಸ ನಿಲ್ಲಿಸಿ ನೋಡುತ್ತ ನಿಂತಿದ್ದರು. ತಪ್ಪಿಲ್ಲದವನು ಜಗಳವಾಡಬೇಕಿತ್ತಲ್ಲ, ಇವನೇಕೆ ಆಡಲಿಲ್ಲ ಎಂದು ಅದನ್ನೂ ನಾನು ಅವನ ಲೆಕ್ಕಕ್ಕೇ ಬರೆದುಕೊಂಡೆ.

ಬಾಟಲಿಯನ್ನು ದೇವರ ಕೋಣೆಯ ಪಕ್ಕದ ಗೂಡಿನಲ್ಲಿಟ್ಟು, ಕೈ ತೊಳೆದುಕೊಂಡು, ನೇರ ಮುಂಡಗೋಡಕ್ಕೆ ಫೋನು ಮಾಡಿದೆ.

"ಆ ಮಿಸ್ತ್ರಿಗೆ ಕೆಲಸ ಕೊಡಬ್ಯಾಡ. ರಾಡಿ ನೀರು ಹೊಡದು ಡಾಂಬರ್ ಅಂತಾನ. ಸ್ಯಾಂಪಲ್ ತಗೊಂಡೇನಿ, ಸಹಿ ಸಮೇತ ಐತಿ."

"ನೀವು ಅಂದ ಮ್ಯಾಲೆ ಮುಗೀತ್ರಿ" ಎಂದಿತು ಆ ಕಡೆಯ ದನಿ.

ಅರ್ಧ ತಾಸಿನ ನಂತರ ಹೊರಗೆ ಬಂದರೆ, ಗೇಟಿನಿಂದ ಪೋರ್ಚಿನವರೆಗೂ ನೆಲ ಕಾಡಿಗೆಯಂತೆ ಕಪ್ಪಾಗಿ ಮಿರುಗುತ್ತಿತ್ತು. ಕೂಡಲೇ ನನ್ನ ಬುದ್ಧಿ ತನ್ನ ಕೆಲಸ ಮಾಡಿತು: ನಾನು ಒಳಗಿದ್ದಾಗ ಇವರು ಬೇರೆ ಮಾಲು ಸುರಿದಿದ್ದಾರೆ.

"ಯಾರೂ ಏನೂ ಸುರುವಿಲ್ಲ. ನಾ ಕಿಟಕ್ಯಾಗ ನೋಡಿಕೋಂತ ನಿಂತೇನಿ. ತಾನ ಕರ್ರಗಾತು" ಎಂದಳು ಹೆಂಡತಿ.

ಗೂಡಿನಲ್ಲಿದ್ದ ಬಾಟಲಿಯನ್ನು ತಂದು ಅವಳ ಮುಂದೆ ಹಿಡಿದೆ. ಅದರೊಳಗಿನದು ಚಹಾದ ಬಣ್ಣದ್ದೇ. ಒಂದಿನಿತೂ ಬದಲಾಗಿರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಮಧ್ಯಾಹ್ನ ಹೊಗೆಯಾಡುವ ಖಡಿ-ಡಾಂಬರಿನ ಮಿಶ್ರಣ ಟೆಂಪೋದಲ್ಲಿ ಬಂತು. ಮೂವರೂ ಚಪ್ಪಲಿ ಸುಡುವ ಆ ಕಾವಿನಲ್ಲಿ ಅದನ್ನು ಹರಡಿ, ಅಂಚು ತಟ್ಟಿ, ಸಣ್ಣ ರೋಲರನ್ನು ಹಿಂದೆ ಮುಂದೆ ಎಳೆದರು. ಕತ್ತಲಾಗುವ ಮೊದಲು ಕೆಲಸ ಮುಗಿಯಿತು. ಮೂರು ದಿನ ಗಾಡಿ ಬಿಡಬೇಡಿ, ಆಮೇಲೂ ಬಿಸಿಲು ಇಳಿಯುವವರೆಗೆ ಬೈಕಿನ ಸ್ಟ್ಯಾಂಡಿನ ಕೆಳಗೆ ಹಲಗೆ ಇಡಿ ಎಂದು ಹೇಳಿ ಮಿಸ್ತ್ರಿ ಹೊರಟ. ಮುಂಡಗೋಡದ ಸುದ್ದಿಯನ್ನು ಆತ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೂರು ದಿನ ಕಳೆಯಿತು. ಗಾಡಿಗಳು ಬಂದವು, ನಿಂತವು. ಒಂದು ಖಡಿಯೂ ಏಳಲಿಲ್ಲ. ನಾನು ಬೆಳಗ್ಗೆ ಸಂಜೆ ಬಗ್ಗಿ ಬಗ್ಗಿ ನೋಡುತ್ತಿದ್ದೆ, ಹಲ್ಲಿನ ಡಾಕ್ಟರು ನನಗೆ ಸೊಂಟ ಹಿಡಿದಿದೆ ಎಂದುಕೊಂಡರು. ಬಾಟಲಿ ಮಾತ್ರ ಗೂಡಿನಲ್ಲಿ ಹಾಗೆಯೇ ಕಂದಾಗಿ ಕುಳಿತಿತ್ತು. ಒಂದು ದಿನ ದೀಪ ಹಚ್ಚಲು ಬಂದ ಹೆಂಡತಿ ಅದನ್ನು ನೋಡಿ ಹೇಳಿದಳು:

"ಗ್ವಾಡಿಗೆ ಸುಣ್ಣಾ ಹಚ್ಚಿದಾಗ ನೀರಿನಂಗ ಕಾಣ್ತೈತಿ. ಒಣಗಿದ ಮ್ಯಾಲೆ ಬೆಳ್ಳಗಾಗ್ತೈತಿ. ನಿಮ್ಮ ಬಾಟ್ಲ್ಯಾಗ ಗಾಳಿ ಇಲ್ಲ, ಬಿಸಲಿಲ್ಲ, ಮ್ಯಾಲೆ ಅರಗು ಬ್ಯಾರೆ ಬಡದೀರಿ. ಅದು ಹೆಂಗ ಒಣಗೀತು?"

ಸೀಲು ಹಾಕಿದ ಮಾದರಿಯನ್ನು ಒಡೆಯುವುದು ನನ್ನ ಧರ್ಮವಲ್ಲ. ಆದರೂ ಮರುದಿನ ಮಧ್ಯಾಹ್ನ ಯಾರಿಗೂ ಹೇಳದೆ ಬಾಟಲಿ ಹಿಡಿದು ಮಾಳಿಗೆ ಹತ್ತಿದೆ. ಅರಗು ಒಡೆದು, ಮಸಾಲೆ ಅರೆಯುವ ಹಳೆಯ ಕಲ್ಲಿನ ಮೇಲೆ ಒಂದಿಷ್ಟು ಸುರಿದು, ಎದುರಿಗೆ ಕುಕ್ಕರಗಾಲಲ್ಲಿ ಕುಳಿತೆ. ಮೊದಲು ಅಂಚು ಕಪ್ಪಾಯಿತು. ಆಮೇಲೆ ನಡುವೆ ಅಲ್ಲಲ್ಲಿ ಚುಕ್ಕೆ. ಹತ್ತಿಪ್ಪತ್ತು ನಿಮಿಷದಲ್ಲಿ ಕಲ್ಲಿನ ಮೇಲೆ ಕಂದು ಬಣ್ಣವೇ ಉಳಿಯಲಿಲ್ಲ. ಬೆರಳಿಟ್ಟೆ, ಅಂಟಿಕೊಂಡಿತು. ನೀರು ಆರಿ ಹೋಗಿ ಡಾಂಬರು ಉಳಿದಿತ್ತು. ಮಿಸ್ತ್ರಿ ಹೇಳಿದ್ದು ಅಷ್ಟನ್ನೇ. ಅವನ ಮಾಲು ಕಪ್ಪಾಗದಂತೆ ತಡೆದು ಹಿಡಿದದ್ದು ನನ್ನ ಸೀಲು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರಲ್ಲ, ನಾನು ಕಣ್ಣಿನ ಕಾಮಾಲೆಯನ್ನು ಬಾಟಲಿಗೆ ತುಂಬಿ ಸಾಕ್ಷಿ ಎಂದು ಇಟ್ಟುಕೊಂಡಿದ್ದೆ.

ಅದು ಮಂಗಳವಾರ. ಅಂದೇ ಮುಂಡಗೋಡಕ್ಕೆ ಫೋನು ಮಾಡಬೇಕಿತ್ತು. ಮಾಡಲಿಲ್ಲ. ನನಗೆ ನಾಚಿಕೆಯಾಗಿತ್ತು, ಬೇರೆ ಯಾವ ಕಾರಣವೂ ಇಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡವನಲ್ಲ. ತಪ್ಪು ನನ್ನದು ಎನ್ನದೆಯೇ ಕೆಲಸ ಅವನಿಗೆ ಸಿಗುವಂತೆ ಮಾಡುವ ಒಂದು ವಾಕ್ಯವನ್ನು ಬುಧವಾರವಿಡೀ ಹುಡುಕಿದೆ, ಗುರುವಾರವೂ ಹುಡುಕಿದೆ. ಶುಕ್ರವಾರ ಫೋನು ಮಾಡಿದಾಗ ಆ ಕಡೆಯವನು ಖುಷಿಯಿಂದಲೇ ಹೇಳಿದ:

"ನಿನ್ನೆನ ಹುಬ್ಬಳ್ಳಿಯವರಿಗೆ ಕೊಟ್ವಿರಿ. ನೀವು ಹೇಳಿದ್ದು ಭಾಳ ಛಲೋ ಆತು, ಇಲ್ಲಂದ್ರ ಮೋಸ ಹೋಗ್ತಿದ್ವಿ."

ನನ್ನ ಬಾಯಿಂದ "ಹಾಂ" ಎಂಬುದೊಂದೇ ಹೊರಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅಂದು ರಾತ್ರಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಜೂನ್ ಮೊದಲಿನ ಮಿರ್ಗದ ಮಳೆ ಎರಡು ಸಲ ಹೊಡೆದ ಮೇಲೆ ಒಂದು ಬೆಳಗ್ಗೆ ಮಿಸ್ತ್ರಿ ಸ್ಕೂಟರಿನಲ್ಲಿ ಬಂದ, ಒಬ್ಬನೇ. ನೀರು ಎಲ್ಲಾದರೂ ನಿಲ್ಲುತ್ತದೆಯೇ ಎಂದು ನೋಡಲು ಬಂದನಂತೆ. ಗೇಟಿನ ಹತ್ತಿರ ಬಗ್ಗಿ ಅಂಗೈ ಇಟ್ಟು ನೋಡಿದ, ಇಳಿಜಾರು ನೋಡಿದ. ಹೆಂಡತಿ ಚಹಾ ತಂದಳು. ಆ ಗಂಡ ಹೆಂಡತಿ ಎಲ್ಲಿ ಎಂದು ಕೇಳಿದಳು.

"ಗೋವಾಕ್ಕ ಹೋಗ್ಯಾರ್ರಿ. ಕಟ್ಟಡದ ಕೆಲಸಕ್ಕ."

ಇನ್ನು ಸುಮ್ಮನಿರಲಾಗಲಿಲ್ಲ. "ಮಿಸ್ತ್ರಿ, ಮುಂಡಗೋಡದ ಕೆಲಸ ತಪ್ಪಿದ್ದು ನನ್ನಿಂದ. ನಾನ ಫೋನ್ ಮಾಡಿ ಬ್ಯಾಡ ಅಂದಿದ್ದೆ. ನನ್ನದು ತಪ್ಪಾತು" ಎಂದೆ. ಮುಖಕ್ಕೆ ಮುಖ ಕೊಡಲಾಗದೆ ಅವನ ಕೈಯ ಲೋಟವನ್ನು ನೋಡುತ್ತಿದ್ದೆ.

"ಗೊತ್ತೈತ್ರಿ" ಎಂದ. "ಅವತ್ತ ಕುಡಿಯಾಕ ನೀರು ಕೇಳಾಕಂತ ಬಾಗಲಕ್ಕ ಬಂದಿದ್ದೆ. ನೀವು ಫೋನಿನಾಗ ಮಾತಾಡಾಕತ್ತಿದ್ರಿ."

ಬೆಳಗ್ಗೆ ಹನ್ನೊಂದರ ನಂತರದ ಮಾತದು. ಕುದಿಯುವ ಮಾಲು ಬಂದದ್ದು, ಅವರು ಮೂವರೂ ಆ ಕಾವಿನಲ್ಲಿ ಅಂಚು ತಟ್ಟಿದ್ದು, ರೋಲರ್ ಎಳೆದದ್ದು ಎಲ್ಲ ಅದರ ಆಮೇಲೆ. ಅಂದರೆ ಎಲ್ಲವನ್ನೂ ಕೇಳಿಸಿಕೊಂಡೇ ಅವನು ನನ್ನ ಅಂಗಳದ ಕೆಲಸ ಮಾಡಿದ್ದ. ಈಗಲೂ ನನ್ನ ಹಾಳು ಬುದ್ಧಿ, ಯಾಕೆ ಮಾಡಿದ, ಇದರಲ್ಲಿ ಇವನಿಗೇನು ಲಾಭ ಎಂದೇ ಕೇಳಿತು. ಬಾಯಿಬಿಟ್ಟು ಕೇಳಿಯೂಬಿಟ್ಟೆ.

"ಗೊತ್ತಿದ್ದೂ ಇಷ್ಟು ಛಲೋ ಮಾಡಿದ್ಯಲ್ಲ, ಯಾಕ?"

ಪ್ರಶ್ನೆಯೇ ಅರ್ಥವಾಗದವನಂತೆ ಅವನು ನನ್ನನ್ನು ನೋಡಿದ. "ಫೋನ್ ಮಾಡಿದವರು ನೀವ್ರಿ. ನೆಲ ಏನ್ ಮಾಡಿತ್ತು?"

ಲೋಟ ಕೆಳಗಿಟ್ಟು ಸ್ಕೂಟರ್ ಹತ್ತಿದ. ನಾನು ಗೇಟಿನವರೆಗೂ ಹೋದೆ. ಇನ್ನು ಮುಂದೆ ಯಾರೇ ಕೇಳಲಿ, ದಾಂಡೇಲಿಯಿಂದ ಮುಂಡಗೋಡದವರೆಗೆ ನಾನೇ ನಿಂತು ನಿನ್ನ ಹೆಸರು ಹೇಳುತ್ತೇನೆ, ನನ್ನ ಮಾತಿಗೆ ಬೆಲೆ ಇದೆ ಎಂದೆ.

"ಬ್ಯಾಡ್ರಿ ಸಾಹೇಬ್ರ" ಎಂದ, ಸಿಟ್ಟಿಲ್ಲದೆ. "ಯಾರರೆ ಕೇಳಿದ್ರ ನೀವು ಏನೂ ಹೇಳಬ್ಯಾಡ್ರಿ. ಬಂದು ನೋಡ್ರಿ ಅನ್ರಿ, ಅಷ್ಟ ಸಾಕು."