ಬಾಯಿ ಮೂಸುವ ಕೆಲಸ

ಪಾಕೆಟ್ ಸಾರಾಯಿ ಇನ್ನೂ ಸಿಗುತ್ತಿದ್ದ ಕಾಲ. ತಿ. ನರಸೀಪುರದ ಛತ್ರವೊಂದರಲ್ಲಿ ಕುಡಿತ ಬಿಡಿಸುವ ಶಿಬಿರ ನಡೆದಾಗ, ಬಾಗಿಲಲ್ಲಿ ಕೂತು ಬಂದವರ ಬಾಯಿ ಮೂಸಿ ಹೆಸರು ಬರೆದುಕೊಳ್ಳುವ ಕೆಲಸ ನನ್ನದು. ಕುಡಿದು ಬಂದವರನ್ನು ಸೇರಿಸಿಕೊಳ್ಳುವ ಹಾಗಿರಲಿಲ್ಲ.

ಹೆಡತಲೆಯಿಂದ ಒಬ್ಬ ಹೆಂಗಸು ಗಂಡನನ್ನು ಕರೆತಂದಳು. ಮೂಸುವ ಮೊದಲೇ ವಾಸನೆ ಬಡಿಯಿತು.

“ನಾನೇ ಒಂದು ಪಾಕೀಟು ಕುಡ್ಸಿ ಕರ್ಕಬಂದೆ ಸಾ. ಇಲ್ದಿದ್ರೆ ಕೈಕಾಲು ನಡುಗ್ತವೆ, ಬಸ್ಸು ಅತ್ತಕ್ಕೇ ಆಗಲ್ಲ,” ಅಂದಳು.

“ರೂಲ್ಸು ಕಣಮ್ಮ. ಎರಡು ದಿನ ಒಂದು ತೊಟ್ಟೂ ಕೊಡಬೇಡ, ಆಮೇಲೆ ಕರ್ಕೊಂಡು ಬಾ,” ಅಂತ ಗದರಿಸಿ ಕಳಿಸಿದೆ.

ನಾಲ್ಕನೇ ದಿನ ಅವಳೊಬ್ಬಳೇ ಬಂದಳು. ಅವತ್ತು ನನ್ನ ಮೇಜಿನ ಮೇಲೇ ಬಿಟ್ಟುಹೋಗಿದ್ದ ರೇಷನ್ ಕಾರ್ಡು ಕೇಳಿದಳು.

“ಯಜಮಾನ್ರು ಎಲ್ಲಮ್ಮ?”

“ನೀವೇಳ್ದಂಗೇ ಒಂದು ತೊಟ್ಟೂ ಕೊಡ್ನಿಲ್ಲ ಸಾ. ಎರಡ್ನೇ ದಿನ ಫಿಟ್ಸ್ ಬಂದು ಓಗ್ಬುಟ್ರು.”

ದಿನಾ ಕುಡಿಯುವವರು ಮನೆಯಲ್ಲಿ ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಅದಕ್ಕೇ ಔಷಧಿ ಕೊಟ್ಟು ಬಿಡಿಸಬೇಕು ಎಂದು ಡಾಕ್ಟರು ಆಮೇಲೆ ಹೇಳಿದರು.

ಶಿಬಿರದ ವರದಿಯಲ್ಲಿ ‘ಕುಡಿದು ಬಂದ ಒಬ್ಬರನ್ನೂ ಒಳಗೆ ಬಿಡಲಿಲ್ಲ’ ಎಂಬ ಸಾಲಿದೆ. ಬರೆದವನು ನಾನೇ. ಅಕ್ಷರ ದುಂಡಗಿದೆ ಅಂತ ಆ ಕೆಲಸವನ್ನೂ ನನಗೇ ಕೊಟ್ಟಿದ್ದರು.